ಒಂದು ರಿಪೋರ್ಟ್ ನೋಡಿ ತೀರ್ಮಾನ ಬೇಡ: ಬಸಿರಿನ ಮೊದಲ ತಿಂಗಳುಗಳ ರುಬೆಲ್ಲಾ ಮತ್ತು ಮಗುವಿನ ಕಣ್ಣು

ಪ್ರಶ್ನೆ: ನನಗೆ 26 ವರ್ಷ, ಊರು ಹಾವೇರಿ ಜಿಲ್ಲೆ. ಮೊದಲ ಬಸಿರು, ಈಗ 9ನೇ ವಾರ. ನಮ್ಮದು ಕೂಡು ಕುಟುಂಬ. ಈ ತಿಂಗಳು 8ನೇ ತಾರೀಖು ನನ್ನ ನೆಗೆಣ್ಣಿಯ ಮಗನಿಗೆ (6 ವರ್ಷ) ಸಣ್ಣ ಜ್ವರ ಬಂದು ಮೈಮೇಲೆಲ್ಲ ಕೆಂಪು ದದ್ದು ಎದ್ದವು. ಮೂರು ದಿನಕ್ಕೆ ಹೋದವು. ಅವನು ನನ್ನ ಜೊತೆಗೇ ಮಲಗುತ್ತಿದ್ದ. ಗಾಬರಿಯಾಗಿ 11ನೇ ತಾರೀಖು ಟಾರ್ಚ್ ಟೆಸ್ಟ್ (ಹೊಟ್ಟೆಯ ಮಗುವಿಗೆ ತೊಂದರೆ ಕೊಡುವ ಕೆಲವು ಸೋಂಕುಗಳ ರಕ್ತ ಪರೀಕ್ಷೆ) ಮಾಡಿಸಿದೆ. ರುಬೆಲ್ಲಾ ಐಜಿಜಿ (ಸೋಂಕಿನ ವಿರುದ್ಧ ರಕ್ತದಲ್ಲಿ ಉಳಿದುಕೊಳ್ಳುವ ಪ್ರತಿಕಾಯ) 92, ಪಾಸಿಟಿವ್. ಐಜಿಎಂ (ಇನ್ನೊಂದು ಬಗೆಯ ಪ್ರತಿಕಾಯ) 'ಖಚಿತವಿಲ್ಲ' ಎಂದು ಬಂದಿದೆ. 'ಪಾಸಿಟಿವ್' ಅನ್ನುವ ಪದ ನೋಡಿ ಮನೆಮಂದಿಯೆಲ್ಲ ಅತ್ತುಬಿಟ್ಟೆವು. ನನಗೆ ಜ್ವರ, ದದ್ದು ಏನೂ ಬಂದಿಲ್ಲ. ಆದರೆ ಹೋದ ತಿಂಗಳು ಕಣ್ಣುಬೇನೆ ಬಂದಿತ್ತು. ಗ್ರಹಣದ ದಿನ ಹೊರಗೆ ಹೋಗಿದ್ದೆ ಅಂತ ಅತ್ತೆ ಬೇಜಾರು ಮಾಡಿಕೊಂಡಿದ್ದಾರೆ. ನಮ್ಮ ಸಂಬಂಧಿಕರ ಮನೆಯಲ್ಲಿ ಒಂದು ಮಗು ಎರಡೂ ಕಣ್ಣಲ್ಲಿ ಬಿಳಿ ಪೊರೆ ಇಟ್ಟುಕೊಂಡೇ ಹುಟ್ಟಿದೆ. ಅದರ ತಾಯಿಗೂ ಎರಡನೇ ತಿಂಗಳಲ್ಲಿ ಜ್ವರ ಬಂದಿತ್ತಂತೆ. ಪರಿಚಯದವರೊಬ್ಬರು "ಈಗಲೇ ತೆಗೆಸಿಬಿಡು, ಮುಂದೆ ಕಷ್ಟ" ಅನ್ನುತ್ತಿದ್ದಾರೆ. ನನ್ನ ಮಗುವಿನ ಕಣ್ಣು ಹೋಗುತ್ತದಾ ಡಾಕ್ಟರ್? ಆ ಹುಡುಗನಿಗೆ 9 ತಿಂಗಳಲ್ಲಿ ಎಂಆರ್ (ದಡಾರ-ರುಬೆಲ್ಲಾ) ಲಸಿಕೆ ಹಾಕಿಸಿದೆ, ಎರಡನೆಯದು ತಪ್ಪಿದೆ.

ಉತ್ತರ: ಮೊದಲಿಗೆ ಒಂದು ಮಾತು. ನೀವು ಕಳಿಸಿದ ಆ ಒಂದು ಹಾಳೆಯ ಮೇಲೆ ಯಾವ ತೀರ್ಮಾನವನ್ನೂ ಮಾಡಬೇಡಿ. ಆ ರಿಪೋರ್ಟಿನಲ್ಲಿ ಹೆದರುವುದಕ್ಕಿಂತ ಧೈರ್ಯ ತಂದುಕೊಳ್ಳುವ ವಿಷಯವೇ ಜಾಸ್ತಿ ಇದೆ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಪಕ್ಕದಲ್ಲಿ ಕ್ಯಾಲೆಂಡರ್ ಇಟ್ಟುಕೊಂಡು ಓದಿ.

ಮೊದಲು ಮನೆಯವರ ಮಾತುಗಳನ್ನು ಮುಗಿಸಿಬಿಡೋಣ. ಗ್ರಹಣದ ನೆರಳು ಹೊಟ್ಟೆಯೊಳಗಿನ ಮಗುವಿಗೆ ತಾಕುವುದಿಲ್ಲ. ಸೂರ್ಯಗ್ರಹಣವನ್ನು ಬರಿಗಣ್ಣಿನಿಂದ ದಿಟ್ಟಿಸಿದರೆ ನೋಡಿದವರ ಕಣ್ಣಿಗೆ ತೊಂದರೆ, ಅದು ನಿಜ. ಮಗುವಿಗೆ ಏನೂ ಇಲ್ಲ. ಅತ್ತೆಯವರ ಜೊತೆ ವಾದಕ್ಕೆ ಹೋಗಬೇಡಿ. ಅವರ ಭಯದ ಹಿಂದೆ ಇರುವುದು ನಿಮ್ಮ ಮೇಲಿನ ಕಾಳಜಿಯೇ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ನೀವು ನೂರು ಸಲ ಹೇಳುವುದಕ್ಕಿಂತ ಅವರೇ ಒಂದು ಸಲ ಕೇಳಿಸಿಕೊಂಡರೆ ಒಳ್ಳೆಯದು.

ಕಣ್ಣುಬೇನೆಯ ವಿಷಯವೂ ಹಾಗೆಯೇ. ಊರಿಗೆ ಊರೇ ಹಬ್ಬುವ, ರೆಪ್ಪೆ ಅಂಟಿಕೊಳ್ಳುವ ಕಣ್ಣುಬೇನೆಗೆ ಸಾಮಾನ್ಯವಾಗಿ ಅಡಿನೋವೈರಸ್ ಕಾರಣ. ಅದು ಕಣ್ಣಿನ ಮೇಲ್ಪದರದಲ್ಲಿ ಇದ್ದು ಹೋಗುವ ಕಾಯಿಲೆ. ತಾಯಿಯ ಕಣ್ಣಿಂದ ಮಗುವಿನ ಕಣ್ಣಿಗೆ ಇಳಿಯುವ ದಾರಿ ಅದಕ್ಕಿಲ್ಲ. ರುಬೆಲ್ಲಾದಲ್ಲೂ ಕಣ್ಣು ಸ್ವಲ್ಪ ಕೆಂಪಾಗುವುದುಂಟು, ಆದರೆ ಅದು ಹೀಗೆ ಪಿಸುರು ಕಟ್ಟುವಷ್ಟು ಜೋರಾಗಿ ಇರುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟೀರಾಯ್ಡ್ ಡ್ರಾಪ್ಸ್ ಇನ್ನೂ ಹಾಕುತ್ತಿದ್ದರೆ ಮಾತ್ರ ನಿಲ್ಲಿಸಿ, ಕಣ್ಣಿನ ಡಾಕ್ಟರಿಗೆ ತೋರಿಸಿ.

ಇನ್ನು ರುಬೆಲ್ಲಾ. ನಮ್ಮ ಕಡೆ ಮೈಮೇಲೆ ಗುಳ್ಳೆ, ದದ್ದು ಎದ್ದರೆ 'ಅಮ್ಮ ಬಂದಳು' ಅಂತ ಬೇವಿನ ಸೊಪ್ಪು ಕಟ್ಟಿಬಿಡುತ್ತೇವೆ. ಆ ಒಂದು ಹೆಸರಿನ ಕೆಳಗೆ ಹಲವು ಕಾಯಿಲೆ ಸೇರಿಕೊಂಡಿವೆ. ನೀರುಗುಳ್ಳೆ ಏಳುವುದು ಸೀತಾಳೆ ಸಿಡುಬು. ಜೋರು ಜ್ವರ, ಕೆಮ್ಮು, ಮೂಗಿನಲ್ಲಿ ನೀರು ಸುರಿದು ಆಮೇಲೆ ದದ್ದು ಬಂದರೆ ದಡಾರ. ರುಬೆಲ್ಲಾ ಇವೆರಡಕ್ಕಿಂತ ಸೌಮ್ಯ. ಸಣ್ಣ ಜ್ವರ, ಕಿವಿಯ ಹಿಂದೆ ಕತ್ತಿನಲ್ಲಿ ಗಂಟು, ಮುಖದಿಂದ ಶುರುವಾಗಿ ಮೈಗೆ ಇಳಿಯುವ ತಿಳಿಗೆಂಪು ದದ್ದು, ಮೂರು ದಿನಕ್ಕೆ ಮಾಯ. ದೊಡ್ಡ ಹೆಂಗಸರಿಗೆ ಬಂದರೆ ಬೆರಳು, ಮಣಿಕಟ್ಟಿನ ಕೀಲು ನೋಯುತ್ತವೆ. ಎಷ್ಟೋ ಜನರಲ್ಲಿ ಏನೂ ಕಾಣಿಸುವುದೇ ಇಲ್ಲ, ಬಂದು ಹೋದದ್ದೂ ಗೊತ್ತಾಗುವುದಿಲ್ಲ. ಬಂದವರಿಗೆ ಇಷ್ಟು ಸಣ್ಣ ಕಾಯಿಲೆ, ಹೊಟ್ಟೆಯಲ್ಲಿರುವ ಮಗುವಿಗೆ ಇಷ್ಟು ದೊಡ್ಡ ಪೆಟ್ಟು. ಇದರ ಕಷ್ಟ ಇರುವುದೇ ಇಲ್ಲಿ.

ಈ ಕಾಯಿಲೆಗೂ ಮಗುವಿನ ಕಣ್ಣಿಗೂ ಇರುವ ನಂಟನ್ನು ಮೊದಲು ಹಿಡಿದವರು ಒಬ್ಬ ಕಣ್ಣಿನ ಡಾಕ್ಟರು, ಸಿಡ್ನಿಯ ನಾರ್ಮನ್ ಮ್ಯಾಕ್‌ಅಲಿಸ್ಟರ್ ಗ್ರೆಗ್. 1941ರಲ್ಲಿ ಅವರ ಬಳಿಗೆ ಹುಟ್ಟಾ ಪೊರೆ ಇರುವ ಹಸುಗೂಸುಗಳು ಒಂದರ ಹಿಂದೆ ಒಂದು ಬರತೊಡಗಿದವು. ಕ್ಲಿನಿಕ್ಕಿನಲ್ಲಿ ಕಾಯುತ್ತ ಕೂತ ತಾಯಂದಿರು ತಮಗೆ ಬಸಿರಿನಲ್ಲಿ ಬಂದ ದದ್ದಿನ ಬಗ್ಗೆ ಮಾತಾಡಿಕೊಳ್ಳುವುದು ಅವರ ಕಿವಿಗೆ ಬಿತ್ತು ಅಂತ ಹೇಳುತ್ತಾರೆ. ಅವರು ಬೇರೆ ಡಾಕ್ಟರುಗಳನ್ನೂ ಕೇಳಿ ಒಟ್ಟು 78 ಮಕ್ಕಳ ವಿವರ ಸೇರಿಸಿದರು. ಅದರಲ್ಲಿ 68 ತಾಯಂದಿರಿಗೆ ಬಸಿರಿನಲ್ಲಿ, ಹೆಚ್ಚಿನವರಿಗೆ ಮೊದಲ ಎರಡು ತಿಂಗಳಲ್ಲಿ, ರುಬೆಲ್ಲಾ ಬಂದಿತ್ತು. ಆಗ ಎಷ್ಟೋ ಜನ ನಂಬಲಿಲ್ಲ. ಇಷ್ಟು ಸಣ್ಣ ಜ್ವರ ಮಗುವಿನ ಕಣ್ಣು ಕೆಡಿಸುತ್ತದೆ ಅಂದರೆ ಯಾರು ನಂಬುತ್ತಾರೆ?

ಅದು ಹೇಗೆ ಆಗುತ್ತದೆ ಅಂದರೆ, ತಾಯಿಯ ರಕ್ತದಲ್ಲಿ ಸೇರಿದ ವೈರಸ್ ಮಾಸನ್ನು ದಾಟಿ ಮಗುವಿಗೆ ಹೋಗುತ್ತದೆ. ಕೊನೆಯ ಮುಟ್ಟಿನಿಂದ ಎಣಿಸಿದರೆ 6ನೇ ವಾರದ ಹೊತ್ತಿಗೆ ಮಗುವಿನ ಕಣ್ಣಿನ ಲೆನ್ಸ್ ಚಿಗುರತೊಡಗುತ್ತದೆ. ಆಗ ಅದರ ಸುತ್ತ ಇನ್ನೂ ಗಟ್ಟಿ ಹೊದಿಕೆ ಇರುವುದಿಲ್ಲ. ವೈರಸ್ ಒಳಗೆ ನುಗ್ಗುತ್ತದೆ. ಆಮೇಲೆ ಹೊದಿಕೆ ಮುಚ್ಚಿಕೊಳ್ಳುತ್ತದೆ, ವೈರಸ್ ಒಳಗೇ ಸಿಕ್ಕಿಕೊಳ್ಳುತ್ತದೆ. ಮಗು ಹುಟ್ಟಿ ವರ್ಷಗಳಾದ ಮೇಲೂ ಲೆನ್ಸಿನೊಳಗೆ ಜೀವಂತ ವೈರಸ್ ಸಿಕ್ಕಿದ್ದುಂಟು. ಅದೇ ಹೊತ್ತಿನಲ್ಲಿ ಹೃದಯ, ಒಳಕಿವಿ, ಮೆದುಳು ಎಲ್ಲವೂ ರೂಪುಗೊಳ್ಳುತ್ತಿರುತ್ತವೆ. ಹಾಗಾಗಿ ಪೆಟ್ಟು ಕಣ್ಣೊಂದಕ್ಕೇ ಬೀಳುವುದಿಲ್ಲ. ಮೊದಲ 12 ವಾರದಲ್ಲಿ ತಾಯಿಗೆ ನಿಜವಾಗಿ ರುಬೆಲ್ಲಾ ಬಂದರೆ ಮಗುವಿಗೆ ತೊಂದರೆ ಆಗುವ ಸಂಭವ ನೂರಕ್ಕೆ 80ರಿಂದ 90ರವರೆಗೂ ಇದೆ. 13ರಿಂದ 16ನೇ ವಾರದಲ್ಲಿ ಅದು ಬಹಳಷ್ಟು ಇಳಿಯುತ್ತದೆ, ಆಗ ಮುಖ್ಯವಾಗಿ ಹಾಳಾಗುವುದು ಕಿವಿ. 20 ವಾರ ದಾಟಿದ ಮೇಲೆ ಇಂಥ ದೋಷ ಅಪರೂಪ.

ಈ ಅಂಕಿ ಓದಿ ಎದೆ ಒಡೆದುಕೊಳ್ಳಬೇಡಿ. ನಾನು ಹೇಳಿದ್ದು 'ನಿಜವಾಗಿ ಬಂದರೆ' ಅಂತ. ನಿಮಗೆ ಬಂದಿದೆಯಾ? ಈಗ ಕ್ಯಾಲೆಂಡರ್ ತೆಗೆಯಿರಿ.

ರುಬೆಲ್ಲಾ ಬಂದವರು ದದ್ದು ಕಾಣುವ ಸುಮಾರು 7 ದಿನ ಮೊದಲಿನಿಂದ ಬೇರೆಯವರಿಗೆ ಹಚ್ಚಬಲ್ಲರು. ಹುಡುಗನಿಗೆ 8ಕ್ಕೆ ದದ್ದು ಬಂತು. ಅಂದರೆ ಅವನಿಂದ ನಿಮಗೆ ತಗುಲಿದ್ದರೆ ಬಹಳ ಬೇಗ ಅಂದರೂ 1ನೇ ತಾರೀಖು. ನಿಮ್ಮ ರಕ್ತ ತೆಗೆದದ್ದು 11ಕ್ಕೆ. ನಡುವೆ ಇರುವುದು 10 ದಿನ. ಹೊಸದಾಗಿ ಸೋಂಕು ತಗುಲಿದವರ ರಕ್ತದಲ್ಲಿ ಐಜಿಜಿ ಕಾಣಿಸಲು ಎರಡು ವಾರಕ್ಕಿಂತ ಜಾಸ್ತಿ ಬೇಕು. ಹತ್ತೇ ದಿನಕ್ಕೆ 92 ಬರುವುದಿಲ್ಲ. ಸಾಮಾನ್ಯವಾಗಿ ಲ್ಯಾಬುಗಳು 10 ದಾಟಿದರೆ ರಕ್ಷಣೆ ಇದೆ ಅನ್ನುತ್ತವೆ. ಹಾಗಾದರೆ ಈ ಐಜಿಜಿ ಹಳೆಯದು. ಚಿಕ್ಕಂದಿನಲ್ಲಿ ನಿಮಗೆ ಗೊತ್ತಿಲ್ಲದೆಯೇ ರುಬೆಲ್ಲಾ ಬಂದು ಹೋಗಿರಬೇಕು, ಇಲ್ಲವೇ ಯಾರೋ ಲಸಿಕೆ ಹಾಕಿಸಿರಬೇಕು. ಹಳೆಯ ಐಜಿಜಿ ಇದ್ದವರ ಮಗುವಿಗೆ ಈ ಕಾಯಿಲೆ ತಗುಲುವುದು ತೀರಾ ಅಪರೂಪ. ಈ ಐಜಿಜಿ ನಿಮ್ಮ ಮಗುವಿನ ಕಾವಲು. 'ಪಾಸಿಟಿವ್' ಅನ್ನುವ ಪದ ನೋಡಿ ಮನೆಮಂದಿ ಅತ್ತಿದ್ದೀರಿ ಅಂತ ಬರೆದಿದ್ದೀರಿ. ಆ ಪದದಿಂದ ಎಷ್ಟು ಮನೆಗಳಲ್ಲಿ ಹೀಗೆ ಅಳು ಬಿದ್ದಿದೆಯೋ ನನಗೆ ಲೆಕ್ಕವಿಲ್ಲ.

ಇನ್ನು ಉಳಿದದ್ದು ಆ 'ಖಚಿತವಿಲ್ಲ' ಅನ್ನುವ ಐಜಿಎಂ. ಹೊಸ ಸೋಂಕು ಬಂದಾಗ ಮೊದಲು ಏಳುವುದು ಐಜಿಎಂ, ನಿಜ. ಆದರೆ ಇದು ಸುಳ್ಳು ಹೇಳುವುದೂ ಜಾಸ್ತಿ. ಬೇರೆ ವೈರಸ್ ಬಂದಾಗಲೂ, ಸಂಧಿವಾತ ಇರುವವರಲ್ಲೂ, ಕೆಲವೊಮ್ಮೆ ಯಾವ ಕಾರಣವೂ ಇಲ್ಲದೆಯೂ ಅದು ಅರೆಬರೆ ಪಾಸಿಟಿವ್ ಆಗುತ್ತದೆ. ಲಕ್ಷಣವೇ ಇಲ್ಲದವರಿಗೆ ಟಾರ್ಚ್ ಟೆಸ್ಟ್ ಬರೆದುಕೊಡುವುದನ್ನು ನಾನು ಒಪ್ಪದಿರುವುದು ಇದಕ್ಕೇ. ಒಂದು ಹಾಳೆಯಲ್ಲಿ ಎಂಟು ಹತ್ತು ಅಂಕಿ ಬರುತ್ತವೆ, ಯಾವುದೋ ಒಂದು ಗೆರೆ ದಾಟಿರುತ್ತದೆ, ಆರೋಗ್ಯವಾಗಿದ್ದ ಬಸಿರನ್ನು ಹೆದರಿ ತೆಗೆಸಿಕೊಂಡವರಿದ್ದಾರೆ. ಅಂಥ ಒಬ್ಬ ತಾಯಿ ಎರಡು ವರ್ಷದ ನಂತರ, ಇನ್ನೊಂದು ಮಗುವಿನ ಕಣ್ಣು ತೋರಿಸಲು ಬಂದಾಗ, ಹಳೆಯ ರಿಪೋರ್ಟನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ನನ್ನ ಮುಂದೆ ಇಟ್ಟರು. ಐಜಿಎಂ ಗೆರೆಗಿಂತ ಕೂದಲೆಳೆಯಷ್ಟು ಮೇಲಿತ್ತು. ಎರಡನೇ ಸಲ ರಕ್ತ ನೋಡಿರಲೇ ಇಲ್ಲ. ಆಗ ಅವರಿಗೆ ಏನು ಹೇಳಬೇಕೋ ನನಗೆ ತಿಳಿಯಲಿಲ್ಲ. ನಿಮಗೆ ಇಷ್ಟು ಉದ್ದ ಬರೆಯುತ್ತಿರುವುದಕ್ಕೆ ಅದೂ ಒಂದು ಕಾರಣ.

ಆದರೂ ಒಂದು ಸಣ್ಣ ಅನುಮಾನವನ್ನು ನಾನು ಮುಚ್ಚಿಡುವುದಿಲ್ಲ. ಹುಡುಗನಿಂದ ಅಲ್ಲದೆ, ಒಂದೂವರೆ ಎರಡು ತಿಂಗಳ ಹಿಂದೆ ಬೇರೆ ಎಲ್ಲಿಂದಲೋ ನಿಮಗೆ ತಗುಲಿ, ಲಕ್ಷಣ ತೋರಿಸದೆ ಹೋಗಿದ್ದರೆ? ಆಗಲೂ ಐಜಿಜಿ ಪಾಸಿಟಿವ್, ಐಜಿಎಂ ಅರೆಬರೆ ಬರಬಹುದು. ಸಂಭವ ಕಡಿಮೆ, ಆದರೆ ಅದನ್ನು ತೆಗೆದುಹಾಕುವುದು ಸುಲಭ ಇರುವಾಗ ಯಾಕೆ ಬಿಡಬೇಕು? 'ಐಜಿಜಿ ಅವಿಡಿಟಿ' ಅಂತ ಒಂದು ಪರೀಕ್ಷೆ ಇದೆ. ಐಜಿಜಿ ವೈರಸ್ಸನ್ನು ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ ಅಂತ ಅದು ನೋಡುತ್ತದೆ. ಹಿಡಿತ ಗಟ್ಟಿ ಇದ್ದರೆ ಸೋಂಕು ಹಳೆಯದು, ಬಸಿರಿಗೆ ಮೊದಲಿನದು. ಹಿಡಿತ ಸಡಿಲ ಇದ್ದರೆ ಇತ್ತೀಚಿನದು ಇರಬಹುದು. ಎಲ್ಲ ಊರಲ್ಲೂ ಇದು ಆಗುವುದಿಲ್ಲ, ದೊಡ್ಡ ಲ್ಯಾಬಿಗೆ ರಕ್ತ ಕಳಿಸಬೇಕಾಗುತ್ತದೆ. ಜೊತೆಗೆ ಈ ತಿಂಗಳ 29ಕ್ಕೋ 30ಕ್ಕೋ ಮತ್ತೊಮ್ಮೆ ರಕ್ತ ಕೊಡಿ, ಅದೇ ಲ್ಯಾಬಿನಲ್ಲಿ. 11ರ ರಕ್ತ ಇನ್ನೂ ಇಟ್ಟಿದ್ದರೆ ಎರಡನ್ನೂ ಒಟ್ಟಿಗೆ ನೋಡಲು ಹೇಳಿ. ಐಜಿಜಿ ಹೆಚ್ಚುಕಡಿಮೆ ಅಷ್ಟೇ ಇದ್ದು ಅವಿಡಿಟಿ ಗಟ್ಟಿ ಬಂದರೆ, ರುಬೆಲ್ಲಾದ ಚಿಂತೆ ಅಲ್ಲಿಗೆ ಮುಗಿಯಿತು. ನಾಲ್ಕು ಪಟ್ಟು ಏರಿದ್ದರೆ ಅಥವಾ ಹಿಡಿತ ಸಡಿಲ ಅಂತ ಬಂದರೆ ಮಾತ್ರ ಮುಂದಿನ ಮಾತು.

ಅಷ್ಟರೊಳಗೆ ಹುಡುಗನ ರಕ್ತವನ್ನೂ ನೋಡಿಸಿ. ಇದನ್ನು ಎಲ್ಲರೂ ಮರೆಯುತ್ತಾರೆ. ದದ್ದು ಬಂದ ನಾಲ್ಕನೇ ದಿನದಿಂದ ನಾಲ್ಕು ವಾರದೊಳಗೆ ಅವನ ಐಜಿಎಂ ಸರಿಯಾಗಿ ಸಿಗುತ್ತದೆ. ಜ್ವರ, ದದ್ದು ಬಂದ ಮಕ್ಕಳ ಮೇಲೆ ಸರ್ಕಾರ ದಡಾರ ಮತ್ತು ರುಬೆಲ್ಲಾಕ್ಕಾಗಿ ಕಣ್ಣಿಟ್ಟಿರುತ್ತದೆ. ನಿಮ್ಮ ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಿಳಿಸಿ. ಅವನಿಗೆ 9 ತಿಂಗಳಲ್ಲಿ ಎಂಆರ್ ಲಸಿಕೆ ಹಾಕಿಸಿದೆ, ಎರಡನೆಯದು ತಪ್ಪಿದೆ ಅಂತ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಒಂದೇ ಡೋಸು ರುಬೆಲ್ಲಾವನ್ನು ಚೆನ್ನಾಗಿಯೇ ತಡೆಯುತ್ತದೆ. ಹಾಗಾಗಿ ಅವನಿಗೆ ಬಂದದ್ದು ರುಬೆಲ್ಲಾ ಅಲ್ಲದೆ ಬೇರೆ ಯಾವುದೋ ವೈರಸ್ ಇರುವ ಸಂಭವವೇ ಜಾಸ್ತಿ. ಕೆನ್ನೆ ಕೆಂಪಾಗಿಸುವ ಪಾರ್ವೊ ವೈರಸ್ ಅನ್ನುವುದೂ ಇದೆ. ಅದು ಕಣ್ಣು ಕೆಡಿಸುವುದಿಲ್ಲ, ಆದರೆ ಅಪರೂಪಕ್ಕೆ ಹೊಟ್ಟೆಯ ಮಗುವಿಗೆ ರಕ್ತಹೀನತೆ ತರುತ್ತದೆ. ಅದನ್ನೂ ನೋಡಬೇಕಾ ಅಂತ ನಿಮ್ಮ ಹೆರಿಗೆ ಡಾಕ್ಟರನ್ನು ಕೇಳಿ.

ಅಕಸ್ಮಾತ್ ಎರಡನೇ ಪರೀಕ್ಷೆಯಲ್ಲಿ ಹೊಸ ಸೋಂಕು ಅಂತ ಖಚಿತವಾದರೆ? ಹಾಗಾಗುವುದಿಲ್ಲ ಅಂತಲೇ ನನ್ನ ಅನಿಸಿಕೆ. ಆದರೂ ದಾರಿ ಗೊತ್ತಿದ್ದರೆ ಭಯ ಕಡಿಮೆಯಾಗುತ್ತದೆ. ಮಗುವಿಗೆ ಸೋಂಕು ತಲುಪದಂತೆ ತಡೆಯುವ ಮಾತ್ರೆ ಇಲ್ಲ, ಇಂಜೆಕ್ಷನ್ ಇಲ್ಲ. ಯಾರಾದರೂ ಇದೆ ಅಂದರೆ ನಂಬಬೇಡಿ. ಸ್ಕ್ಯಾನಿಂಗ್ ಮಾಡಿಸಬೇಕು, ಆದರೆ ಅದರ ಮಿತಿ ತಿಳಿದಿರಲಿ. ಹೃದಯದ ದೊಡ್ಡ ದೋಷ, ಮಗು ಸರಿಯಾಗಿ ಬೆಳೆಯದಿರುವುದು ಕಾಣಬಹುದು. ಕಿವಿ ಕೇಳುತ್ತದೋ ಇಲ್ಲವೋ ಯಾವ ಸ್ಕ್ಯಾನಿನಲ್ಲೂ ಗೊತ್ತಾಗದು. ಪೊರೆ ಕೆಲವೊಮ್ಮೆ ಕಂಡೀತು, ಎಷ್ಟೋ ಸಲ ಕಾಣದು. ಸೋಂಕಾಗಿ 6ರಿಂದ 8 ವಾರ ಕಳೆದ ಮೇಲೆ, 18ರಿಂದ 20ನೇ ವಾರದ ಹೊತ್ತಿಗೆ, ಮಗುವಿನ ಸುತ್ತಲಿನ ನೀರು ತೆಗೆದು ಪಿಸಿಆರ್ ಮಾಡಿದರೆ ವೈರಸ್ ಮಗುವಿಗೆ ತಲುಪಿದೆಯಾ ಅಂತ ತಿಳಿಯುತ್ತದೆ. ಸೂಜಿ ಹಾಕಿ ನೀರು ತೆಗೆಯುವುದರಲ್ಲಿ ಗರ್ಭ ಇಳಿಯುವ ಸಣ್ಣ ಅಪಾಯ ಇದೆ. ವೈರಸ್ ತಲುಪಿದೆ ಅಂದ ಮಾತ್ರಕ್ಕೆ ಮಗುವಿಗೆ ಎಷ್ಟು ಪೆಟ್ಟು ಬಿದ್ದಿದೆ ಅಂತಲೂ ಅದು ಹೇಳುವುದಿಲ್ಲ.

ಮೊದಲ 12 ವಾರದ ಸೋಂಕು ಖಚಿತವಾದಾಗ ಬಸಿರು ಮುಂದುವರಿಸುವವರೂ ಇದ್ದಾರೆ, ನಿಲ್ಲಿಸುವವರೂ ಇದ್ದಾರೆ. ಇಬ್ಬರನ್ನೂ ನೋಡಿದ್ದೇನೆ, ಇಬ್ಬರನ್ನೂ ತಪ್ಪು ಅನ್ನಲಾರೆ. ಆ ತೀರ್ಮಾನ ನಿಮ್ಮದು. ಗರ್ಭಪಾತದ ಕಾನೂನಿನ 2021ರ ತಿದ್ದುಪಡಿಯ ಪ್ರಕಾರ 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. ಮಗುವಿಗೆ ಗಂಭೀರ ದೋಷ ಇದೆ ಅಂತ ಆಮೇಲೆ ಗೊತ್ತಾದರೆ, 24 ವಾರ ದಾಟಿದ್ದರೂ ವೈದ್ಯಕೀಯ ಮಂಡಳಿಯ ಮುಂದೆ ಹೋಗುವ ದಾರಿ ಇದೆ. ಹಾಗಾಗಿ ಎರಡನೇ ರಕ್ತ ಪರೀಕ್ಷೆಗೆ ಕಾಯುವಷ್ಟು ಸಮಯ ನಿಮಗೆ ಧಾರಾಳವಾಗಿದೆ. ದಯವಿಟ್ಟು ಯಾರೋ ಹೇಳಿದರು ಅಂತ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಬೇಡಿ. ರಕ್ತ ನಿಲ್ಲದೆ ಪ್ರಾಣಕ್ಕೇ ಬಂದ ಕೇಸುಗಳಿವೆ.

ನಿಮ್ಮ ಸಂಬಂಧಿಕರ ಮಗುವಿನ ವಿಷಯಕ್ಕೆ ಬರುತ್ತೇನೆ. ಪೊರೆ ಇರುವ ಮಗುವೆಲ್ಲ ರುಬೆಲ್ಲಾದ ಮಗು ಅಲ್ಲ. ಮನೆತನದಿಂದ ಬರುವ ಪೊರೆ ಇದೆ, ಹಾಲಿನ ಸಕ್ಕರೆಯಲ್ಲಿರುವ ಗ್ಯಾಲಕ್ಟೋಸನ್ನು ಮೈ ಬಳಸಿಕೊಳ್ಳಲಾಗದ ಹುಟ್ಟುಕಾಯಿಲೆಯಿಂದ (ಗ್ಯಾಲಕ್ಟೋಸೀಮಿಯಾ) ಬರುವುದೂ ಇದೆ, ಎಷ್ಟು ಹುಡುಕಿದರೂ ಕಾರಣ ಸಿಗದವೂ ಬಹಳ. ಕಣ್ಣಪಾಪೆ ಬೆಳ್ಳಗೆ ಕಾಣುವುದು ಕಣ್ಣಿನ ಕ್ಯಾನ್ಸರಿನಿಂದಲೂ ಆಗಬಹುದು, ಅದಕ್ಕೇ ಒಂದು ದಿನವೂ ತಡ ಮಾಡಬಾರದು. ರುಬೆಲ್ಲಾದ ಪೊರೆಗೆ ಒಂದು ಚಹರೆ ಇದೆ. ಕಣ್ಣು ಸ್ವಲ್ಪ ಸಣ್ಣದಿರುತ್ತದೆ. ಡ್ರಾಪ್ಸ್ ಹಾಕಿದರೂ ಪಾಪೆ ಸರಿಯಾಗಿ ಅರಳುವುದಿಲ್ಲ. ನಡುವೆ ಮುತ್ತಿನ ಹಾಗೆ ಹೊಳೆಯುವ ಬಿಳುಪು.

ಅಂಥ ಒಂದು ಕೂಸನ್ನು ಐದನೇ ತಿಂಗಳಲ್ಲಿ ನನ್ನ ಹತ್ತಿರ ತಂದಿದ್ದರು. ಕಣ್ಣಿಗೆ ದಪ್ಪ ಕಾಡಿಗೆ, ಕೆನ್ನೆಯ ಮೇಲೆ ದೃಷ್ಟಿಬೊಟ್ಟು. ದೀಪ ಆರಿಸಿ ಟಾರ್ಚ್ ಬಿಟ್ಟೆ. ಆರೋಗ್ಯದ ಕಣ್ಣಿನಲ್ಲಿ ಆ ಬೆಳಕು ಕೆಂಡದ ಬಣ್ಣದಲ್ಲಿ ವಾಪಸ್ ಹೊಳೆಯಬೇಕು. ಇಲ್ಲಿ ಎರಡೂ ಕಣ್ಣಲ್ಲಿ ಬಿಳಿ. ಕಣ್ಣುಗುಡ್ಡೆಗಳು ಆಗಲೇ ಅತ್ತಿತ್ತ ಓಡಾಡತೊಡಗಿದ್ದವು. "ಮೂರು ತಿಂಗಳಾದ ಮೇಲೆ ದೃಷ್ಟಿ ಕೂರುತ್ತದೆ ಅಂದರು ಹಿರಿಯರು, ಕಾಯ್ದೆವು" ಅಂದಳು ತಾಯಿ. ಎದೆಗೆ ಕಿವಿಕೊಟ್ಟರೆ ಹೃದಯದಲ್ಲಿ ಬೇರೆ ಸದ್ದು. ಹುಟ್ಟಿದ ಮೇಲೆ ಮುಚ್ಚಿಕೊಳ್ಳಬೇಕಾದ ಒಂದು ರಕ್ತನಾಳ ತೆರೆದೇ ಇತ್ತು. ಹೃದಯದ ಡಾಕ್ಟರು ಒಪ್ಪುವವರೆಗೆ ಅರಿವಳಿಕೆ ಕೊಡುವ ಹಾಗಿಲ್ಲ, ಕಣ್ಣಿನ ಆಪರೇಷನ್ ಇನ್ನೂ ತಡವಾಯಿತು. ಈಗ ಆ ಹುಡುಗಿ ದಪ್ಪ ಕನ್ನಡಕ, ಕಿವಿಗೆ ಯಂತ್ರ ಹಾಕಿಕೊಂಡು ಶಾಲೆಗೆ ಹೋಗುತ್ತಾಳೆ. ಮುಂದಿನ ಬೆಂಚಿನಲ್ಲಿ ಕೂರುತ್ತಾಳೆ, ದೊಡ್ಡ ಅಕ್ಷರ ಓದುತ್ತಾಳೆ. ಮೂರು ತಿಂಗಳು ಮೊದಲು ಬಂದಿದ್ದರೆ ಇನ್ನಷ್ಟು ಓದುತ್ತಿದ್ದಳು ಅನ್ನುವುದು ಅವಳನ್ನು ನೋಡಿದಾಗಲೆಲ್ಲ ನೆನಪಾಗುತ್ತದೆ.

ಹುಟ್ಟಾ ಪೊರೆಗೆ ಚಿಕಿತ್ಸೆ ಇದೆ. ಒಂದೇ ಕಣ್ಣಾದರೆ ಆರನೇ ವಾರದ ಹೊತ್ತಿಗೆ, ಎರಡೂ ಕಣ್ಣಾದರೆ ಎಂಟು ಹತ್ತು ವಾರದೊಳಗೆ ಆಪರೇಷನ್ ಆಗಬೇಕು. ನಂತರ ಕನ್ನಡಕ ಇಲ್ಲವೇ ಕಾಂಟ್ಯಾಕ್ಟ್ ಲೆನ್ಸ್. ಒಂದು ಕಣ್ಣು ಮಂದ ಇದ್ದರೆ ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿ ಮಂದ ಕಣ್ಣಿಗೆ ಕೆಲಸ ಕೊಡಬೇಕು, ಅದು ವರ್ಷಗಟ್ಟಲೆ. ಕಣ್ಣಿನ ಒತ್ತಡ ಏರುವ ಗ್ಲಾಕೋಮಾ ಜೀವನಪೂರ್ತಿ ನೋಡುತ್ತಿರಬೇಕು. ಸಂಬಂಧಿಕರ ಮಗುವಿನ ಕಿವಿ, ಹೃದಯ ಪರೀಕ್ಷೆ ಆಗಿದೆಯಾ ಅಂತ ವಿಚಾರಿಸಿ. ಹುಟ್ಟಾ ಪೊರೆ ನೋಡಿದ ಕೂಡಲೇ ಮಗುವಿನ ಇಡೀ ಮೈ ಪರೀಕ್ಷೆ ಮಾಡಬೇಕು. ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಾ ಪೊರೆ, ಕಿವುಡು, ಹೃದಯದ ದೋಷ ಮೂರೂ ಸೇರಿವೆ. ಅಂಗನವಾಡಿಯಲ್ಲಿ ಕೇಳಿದರೂ ದಾರಿ ಹೇಳುತ್ತಾರೆ.

ನಿಮ್ಮ ಮಗು ಹುಟ್ಟಿದಾಗ, ರಿಪೋರ್ಟ್ ಎಷ್ಟೇ ಚೆನ್ನಾಗಿದ್ದರೂ, ಮನೆಗೆ ಕಳಿಸುವ ಮೊದಲು ಕಣ್ಣಿಗೆ ಬೆಳಕು ಬಿಟ್ಟು ಆ ಕೆಂಪು ಹೊಳಪು ನೋಡಿ ಅಂತ ಮಕ್ಕಳ ಡಾಕ್ಟರಿಗೆ ಹೇಳಿ. ಒಂದು ನಿಮಿಷದ ಕೆಲಸ. ಕಿವಿಯ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ.

ಲಸಿಕೆಯ ಬಗ್ಗೆ ಒಂದಿಷ್ಟು. ಕರ್ನಾಟಕದಲ್ಲಿ 2017ರ ಫೆಬ್ರವರಿಯಲ್ಲಿ 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆಲ್ಲ ಎಂಆರ್ ಲಸಿಕೆ ಹಾಕಿದರು. ಆಗ ನಿಮಗೆ 15 ದಾಟಿತ್ತು. ಈಗ ತಾಯಿಯಾಗುತ್ತಿರುವ ನಿಮ್ಮ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ಹೀಗೆ ಕೂದಲೆಳೆಯಲ್ಲಿ ತಪ್ಪಿಸಿಕೊಂಡವರು. ಮದುವೆ ಗೊತ್ತಾದ ತಂಗಿಯರು, ಗೆಳತಿಯರು ಇದ್ದರೆ ಅವರಿಗೆ ಈಗಲೇ ಹೇಳಿ. ಲಸಿಕೆ ಹಾಕಿಸಿಕೊಂಡು ಒಂದು ತಿಂಗಳು ಬಸಿರಾಗದಂತೆ ನೋಡಿಕೊಂಡರೆ ಸಾಕು. ಇದು ಜೀವಂತ ವೈರಸ್ಸಿನ ಲಸಿಕೆ, ಬಸಿರಿನಲ್ಲಿ ಹಾಕುವುದಿಲ್ಲ. ಹಾಗಾಗಿ ಈಗ ನಿಮಗೆ ಬೇಡ. ಗೊತ್ತಿಲ್ಲದೆ ಹಾಕಿಸಿಕೊಂಡವರು ಕೂಡ ಅದೊಂದೇ ಕಾರಣಕ್ಕೆ ಬಸಿರು ತೆಗೆಸಬೇಕಾಗಿಲ್ಲ. ನಿಮಗೆ ಐಜಿಜಿ ಇದೆ ಅಂತ ಖಚಿತವಾದರೆ ಮುಂದಿನ ಬಸಿರುಗಳಲ್ಲೂ ಈ ಚಿಂತೆ ಇರುವುದಿಲ್ಲ.

29ರ ಪರೀಕ್ಷೆಯ ತಾರೀಖನ್ನು ತಾಯಿ ಕಾರ್ಡಿನಲ್ಲಿ ಬರೆದಿಡಿ. ಅಲ್ಲಿಯವರೆಗೆ ಫೋಲಿಕ್ ಆಸಿಡ್ ಬಿಡಬೇಡಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ. ಹುಡುಗನನ್ನು ದೂರ ತಳ್ಳಬೇಡಿ, ದದ್ದು ಬಂದು ಒಂದು ವಾರ ಕಳೆದ ಮೇಲೆ ಅವನಿಂದ ರುಬೆಲ್ಲಾ ಹಚ್ಚುವ ಕಾಲ ಮುಗಿದಿರುತ್ತದೆ. ಅವನು ಪೂರ್ತಿ ಹುಷಾರಾದ ಮೇಲೆ ಆರೋಗ್ಯ ಕೇಂದ್ರಕ್ಕೆ ಅವನ ಲಸಿಕೆ ಕಾರ್ಡ್ ತೋರಿಸಿ, ತಪ್ಪಿಹೋದ ಆ ಎರಡನೇ ಡೋಸ್ ಬಗ್ಗೆ ಕೇಳಲು ನಿಮ್ಮ ನೆಗೆಣ್ಣಿಗೆ ಹೇಳಿ.